ಮೊಳಮೊಳ ಕತ್ತರಿಸಿದ ಹಗ್ಗ

ಚಳ್ಳಕೆರೆ: ಹೊರಡುವ ಬೆಳಿಗ್ಗೆ

ಸ್ವಿಟ್ಜರ್ಲೆಂಡಿಗೆ ಹೋಗಬೇಕೆಂಬ ಆಸೆ ನನಗೆ ಕನಸಿನಲ್ಲೂ ಇರಲಿಲ್ಲ. ಹೋಗಬೇಕಾಗಿದ್ದವರು ನನ್ನ ಷಡ್ಡಕ ಮತ್ತು ಅವನ ಹೆಂಡತಿ. ಚಳ್ಳಕೆರೆಯ ಎಣ್ಣೆ ಗಿರಣಿಯವರು ಒಂದು ಬಸ್ಸು ತುಂಬುವಷ್ಟು ಜನ ಸೇರಿ ಪ್ರವಾಸ ಗೊತ್ತು ಮಾಡಿದ್ದರು. ಹೊರಡಲು ಎರಡು ತಿಂಗಳಿರುವಾಗ ಷಡ್ಡಕ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡ. 'ಅಣ್ಣಾ, ನಮ್ಮ ಬದ್ಲು ನೀವು ಹೋಗಿ ಬರ್ರಿ, ಅಕ್ಕನೂ ಬೆಟ್ಟ ನೋಡ್ಲಿ' ಎಂದ. ನಾನು ಒಲ್ಲೆ ಎಂದೆ. ನನ್ನ ಹೆಂಡತಿ ಶಾರದಮ್ಮ ಒಲ್ಲೆ ಎನ್ನಲಿಲ್ಲ. ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯ ಬಂದರೆ ಯಾವುದು ನಡೆಯುತ್ತದೆ ಎಂಬುದು ಮೂವತ್ತು ವರ್ಷದಿಂದ ತೀರ್ಮಾನವಾಗಿರುವ ವಿಷಯ.

ನನ್ನದು ಎಣ್ಣೆಯ ಕಸುಬಲ್ಲ, ಬಾವಿಯ ಕಸುಬು. ಮೂರು ಕಬ್ಬಿಣದ ಕಾಲು, ಮೇಲೊಂದು ರಾಟೆ, ಪಕ್ಕದಲ್ಲಿ ಮೋಟರು, ಉಕ್ಕಿನ ಹಗ್ಗ, ಹಗ್ಗದ ತುದಿಗೆ ದೊಡ್ಡ ಬಕೆಟ್ಟು. ಇದಕ್ಕೆ ನಮ್ಮ ಕಡೆ ಬಾವಿ ಕ್ರೇನು ಅನ್ನುತ್ತಾರೆ. ಹಳೇ ಬಾವಿಗಳ ಹೂಳು ತೆಗೆಯಲು ಬಾಡಿಗೆಗೆ ಕಳಿಸುತ್ತೇನೆ. ಹೂಳು ಮೇಲೆ ಬರುವುದು ಆ ಬಕೆಟ್ಟಿನಲ್ಲಿ. ಮನುಷ್ಯ ಕೆಳಗೆ ಇಳಿಯುವುದೂ ಅದೇ ಬಕೆಟ್ಟಿನಲ್ಲಿ.

ಇಳಿಯುವ ಮನುಷ್ಯನ ಹೆಸರು ಕಾಟಯ್ಯ. ದೇವಸಮುದ್ರದ ಕಡೆಯವನು, ಮನೆಯಲ್ಲಿ ಕುರಿಗಳಿವೆ, ಇಪ್ಪತ್ತು ವರ್ಷದಿಂದ ನನ್ನ ಜೊತೆ ಬಾವಿಗೆ ಇಳಿಯುತ್ತಾನೆ. ಗಡಿ ಸೀಮೆಯವನಾದ್ದರಿಂದ ಅವನ ಕನ್ನಡದಲ್ಲಿ ತೆಲುಗು ಬೆರೆತಿರುತ್ತದೆ. ಏನು ಕೇಳಿದರೂ ಮೊದಲು 'ಏಮೋ' ಅನ್ನುತ್ತಾನೆ. ಯಾರಿಗೆ ಗೊತ್ತು ಎಂದರ್ಥ. ಬಾವಿಯಲ್ಲಿ ನೀರು ಎಷ್ಟಿದೆಯೋ? ಏಮೋ ಸಾವ್ಕಾರ್ರೆ. ಎಷ್ಟು ದಿನ ಹಿಡಿಯುತ್ತದೋ? ಏಮೋ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಮಾರಾಯ ಎಂದು ಅವನ ಮೇಲೆ ರೇಗದ ವಾರವಿಲ್ಲ.

ಹೊರಡುವ ದಿನ ಬೆಳಿಗ್ಗೆ ಬೆಂಗಳೂರಿನ ಬಸ್ಸು ಪೆಟ್ರೋಲ್ ಬಂಕಿನ ಹತ್ತಿರ ಹಾರ್ನ್ ಹೊಡೆಯುತ್ತಿತ್ತು. ನಾನು ಶೆಡ್ಡಿನಲ್ಲಿ ಕಾಟಯ್ಯನಿಗೆ ಕೊನೆಯ ಮಾತು ಹೇಳುತ್ತಿದ್ದೆ. ಮುಂದಿನ ಸೋಮವಾರ ದೇವಸಮುದ್ರದಲ್ಲಿ ಊರ ಬಾವಿಯ ಕೆಲಸ. ಮಳೆ ಬರುವುದರೊಳಗೆ ಹೂಳು ತೆಗೆದುಕೊಡುವುದಾಗಿ ಒಪ್ಪಿದ್ದೆ. ಬಳ್ಳಾರಿಯ ಗುಜರಿಯಿಂದ ತಂದ ಉಕ್ಕಿನ ಹಗ್ಗವನ್ನು ಹೊಸದಾಗಿ ಡ್ರಮ್ಮಿಗೆ ಸುತ್ತಿಸಿದ್ದೆ. ನೋಡಲು ಹೊಸ ಹಗ್ಗದಂತೆಯೇ ಇತ್ತು.

ಕಾಟಯ್ಯನದೊಂದು ಪದ್ಧತಿ. ಇಳಿಯುವ ಹಗ್ಗದ ಮೇಲೆ ತನ್ನ ಕುರಿಯ ಒಂದು ಹಿಡಿ ಹಸಿ ಉಣ್ಣೆ ಹಿಡಿದು ಉದ್ದಕ್ಕೂ ಎಳೆಯುತ್ತಾನೆ. ಎಲ್ಲಾದರೂ ಎಳೆ ಮುರಿದು ಮೂತಿ ಚಾಚಿದ್ದರೆ ಉಣ್ಣೆ ಸಿಕ್ಕಿಕೊಳ್ಳುತ್ತದೆ. ಅವನ ಅಪ್ಪ ಹೇಳಿಕೊಟ್ಟದ್ದಂತೆ. ಆವತ್ತೂ ಎಳೆದ. ನಡುವೆ ಒಂದು ಕಡೆ ಉಣ್ಣೆ ನಿಂತಿತು.

'ಸಾವ್ಕಾರ್ರೆ, ಇಲ್ಲೊಂದು ಹಿಡೀತೈತೆ.'

'ಒಂದೇ ಎಳೆ ಅಲ್ಲೇನೋ?'

'ಏಮೋ. ಹೊರಗೆ ಒಂದು ಕಾಣ್ತೈತೆ.'

ಬಸ್ಸು ಮತ್ತೆ ಹಾರ್ನ್ ಹೊಡೆಯಿತು. ಶಾರದಮ್ಮ ಗೇಟಿನಿಂದ 'ರೀ, ಬರ್ತೀರೋ ನಾನೊಬ್ಳೇ ಹೋಗ್ಲೋ?' ಎಂದು ಕೂಗಿದಳು. ನನಗೆ ತಲೆ ಕೆಟ್ಟಿತು. ಕಟಿಂಗ್ ಪ್ಲೇಯರ್ ತೆಗೆದುಕೊಂಡು ಆ ಎಳೆಯನ್ನು ಕಟ್ ಎಂದು ಕತ್ತರಿಸಿದೆ. ಮೇಲೆ ಒಂದು ಮುಷ್ಟಿ ಗ್ರೀಸು ಮೆತ್ತಿದೆ. 'ಈಗ ಎಳಿ ನೋಡಾನ' ಎಂದೆ. ಅವನು ಎಳೆದ. ಉಣ್ಣೆ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. 'ಆಯ್ತಲ್ಲ? ಸೋಮವಾರ ಇಳಿ, ನನ್ನ ಕಾಯಬ್ಯಾಡ' ಎಂದು ಬಸ್ಸಿಗೆ ಓಡಿದೆ. ಕಾಟಯ್ಯ ಆ ಉಣ್ಣೆಯನ್ನು ಬೆರಳಲ್ಲಿ ತಿರುವುತ್ತ ನಿಂತಿದ್ದ. ಏಮೋ ಎಂದೂ ಅನ್ನಲಿಲ್ಲ.

ಜ್ಯೂರಿಕ್: ಗೊತ್ತಿಲ್ಲ ಅನ್ನುವ ಜನ

ವಿಮಾನದ ಕಥೆ ಬಿಡೋಣ, ಹೋದವರೆಲ್ಲ ಹೇಳಿದ್ದಾರೆ. ಇಳಿದ ಮೇಲೆ ನಮ್ಮ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಒಬ್ಬ ಅಧಿಕಾರಿ ತೆರೆಸಿ ಮೂಗು ಹಾಕಿದ. ಆಮೇಲೆ ಸೀನಿದ್ದು ಸೀನಿದ್ದೇ. ಶಾರದಮ್ಮ 'ಪಾಪ, ನೆತ್ತಿಗೇರಿತು, ನೀರು ಕುಡೀಪ್ಪಾ' ಎಂದು ತನ್ನ ಬಾಟಲಿ ಕೊಡಲು ಹೋದಳು. ಡಬ್ಬಿ ಉಳಿಯಿತು.

ಮರುದಿನ ಪೇಟೆಯಲ್ಲಿ ನಮ್ಮ ಗುಂಪಿನಿಂದ ನಾವಿಬ್ಬರೂ ತಪ್ಪಿಸಿಕೊಂಡೆವು. ಶಾರದಮ್ಮ ಒಂದು ಗಡಿಯಾರದ ಅಂಗಡಿಯ ಕಿಟಕಿಗೆ ಅಂಟಿಕೊಂಡದ್ದೇ ಕಾರಣ, ಆದರೆ ಅವಳನ್ನು ಕೇಳಿದರೆ ನಾನು ಒಂದು ಕಟ್ಟಡದ ಕ್ರೇನು ನೋಡುತ್ತ ನಿಂತದ್ದು ಕಾರಣ. ಬಸ್ಸು ನಿಲ್ಲುವ ಜಾಗದ ಹೆಸರು ಚೀಟಿಯಲ್ಲಿತ್ತು. ಒಬ್ಬ ಮುದುಕನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದ, ತಲೆಯಾಡಿಸಿದ, 'ನನಗೆ ಗೊತ್ತಿಲ್ಲ' ಎಂದು ಚೀಟಿ ವಾಪಸ್ಸು ಕೊಟ್ಟ. ಒಬ್ಬ ಹೆಂಗಸಿಗೆ ತೋರಿಸಿದೆ. ಅವಳಿಗೂ ಗೊತ್ತಿರಲಿಲ್ಲ. ಮುಖದಲ್ಲಿ ಸ್ವಲ್ಪವೂ ಸಂಕೋಚವಿಲ್ಲ!

ನನಗೆ ಕೋಪವೇ ಬಂತು. ನಮ್ಮ ಚಳ್ಳಕೆರೆಯಲ್ಲಿ ದಾರಿ ಕೇಳಿ ನೋಡಿ. ಗೊತ್ತಿಲ್ಲ ಅನ್ನುವವನು ಒಬ್ಬನೂ ಸಿಗುವುದಿಲ್ಲ. ಚಹಾ ಕುಡಿಯುತ್ತಿದ್ದವರು ಮೂರು ಜನ ಎದ್ದು ಬಂದು ಮೂರು ದಿಕ್ಕಿಗೆ ಕೈ ತೋರಿಸುತ್ತಾರೆ. ಊರಿಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಅನ್ನುವ ಸೌಜನ್ಯ ಅದು. ಕೊನೆಗೆ ಆ ಮುದುಕನೇ ಹಿಂದಿನಿಂದ ಓಡೋಡಿ ಬಂದ. ಪಕ್ಕದ ಔಷಧಿ ಅಂಗಡಿಯಲ್ಲಿ ಕೇಳಿಕೊಂಡು ಬಂದಿದ್ದ. ನಮ್ಮನ್ನು ಬಸ್ಸಿನ ಬಾಗಿಲವರೆಗೂ ಬಿಟ್ಟುಹೋದ. ಏದುಸಿರು ಬಿಡುತ್ತಿದ್ದ ಅವನಿಗೆ ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಬೆಟ್ಟದ ಬುಡ: ಎರಡು ಓಟು, ಒಂದು ಓಟು

ಸೋಮವಾರ ಬೆಳಿಗ್ಗೆ ಒಂದು ಬೆಟ್ಟದ ಬುಡಕ್ಕೆ ಹೋದೆವು. ಊರಿನ ಹೆಸರು ಬರೆಯಬಹುದು, ಆದರೆ ಓದುವವರ ನಾಲಿಗೆ ಹೊರಳುವುದಿಲ್ಲ. ಸುತ್ತ ಹುಲ್ಲೋ ಹುಲ್ಲು. ಅದನ್ನು ನೋಡಿದಾಗ ನಮ್ಮ ಉಳ್ಳಾರ್ತಿ ಕಾವಲಿನ ಒಣಹುಲ್ಲು ಮೇಯುವ ದನಗಳನ್ನು ಇಲ್ಲಿ ಒಂದು ದಿನ ಬಿಟ್ಟರೆ ಹೇಗಿರುತ್ತದೆ ಎನಿಸಿತು. ಇಲ್ಲಿನ ಹಸುಗಳು ಮನುಷ್ಯರನ್ನು ಕಂಡು ಹತ್ತಿರ ಬಂದು ಮುಖ ಚಾಚುತ್ತವೆ. ನಮ್ಮ ಕಾವಲಿನ ಹಸು ಹತ್ತಿರ ಬಂತೆಂದರೆ ಮರ ಹತ್ತುವುದು ಒಳ್ಳೆಯದು.

ಬುಡದಿಂದ ತುದಿಗೆ ಹಗ್ಗದ ಮೇಲೆ ತೂಗುವ ಡಬ್ಬಿಯಲ್ಲಿ ಹೋಗಬೇಕು. ಕೇಬಲ್ ಕಾರು. ಆಕಾಶ ತೊಳೆದಿಟ್ಟಂತಿತ್ತು, ಒಂದು ಎಲೆ ಅಲುಗುತ್ತಿರಲಿಲ್ಲ. ಆದರೆ ಡಬ್ಬಿ ನಿಂತಿತ್ತು. ಬೆಟ್ಟದ ನೆತ್ತಿಯಲ್ಲಿ ಗಾಳಿ ಅಳೆಯುವ ಮೂರು ಉಪಕರಣಗಳಿವೆಯಂತೆ. ಎರಡು ಗಾಳಿಯಿಲ್ಲ ಅನ್ನುತ್ತಿವೆ, ಒಂದು ಬಿರುಗಾಳಿ ಅನ್ನುತ್ತಿದೆ. ಅದಕ್ಕೇ ನಿಲ್ಲಿಸಿದ್ದಾರೆ ಎಂದು ಟೂರ್ ಮ್ಯಾನೇಜರ್ ಮೇಡಂ ಬಂದು ಹೇಳಿದರು.

ನಮ್ಮವರು ಸುಮ್ಮನಿರುತ್ತಾರೆಯೇ? 'ಎರಡು ಓಟು ಬಿದ್ದಾವೆ, ಒಂದು ಓಟು ಸೋತೈತೆ, ಗೆದ್ದೋರಿಗೆ ಅಧಿಕಾರ ಕೊಡ್ರಿ!' ಎಂದು ಒಬ್ಬರು ಗಿರಣಿ ಮಾಲೀಕರು ಕೂಗಿದರು. ಎಲ್ಲರೂ ನಕ್ಕರು, ಬೈದರು, ಆಮೇಲೆ ಅಲ್ಲೇ ಬೆಂಚಿನ ಮೇಲೆ ರೊಟ್ಟಿ ಬಿಚ್ಚಿದರು. ನಾನೂ ಓಟಿನವರ ಪಕ್ಷದಲ್ಲೇ ಇದ್ದೆ. ಆದರೆ ಗಾಜಿನ ಗೋಡೆಯ ಆಚೆ ದೊಡ್ಡ ರಾಟೆಯೊಂದು ಕಾಣುತ್ತಿತ್ತು. ನಮ್ಮ ಮನೆಯ ಪಡಸಾಲೆಯಷ್ಟು ಅಗಲದ ರಾಟೆ. ನಾನು ರೊಟ್ಟಿ ಬಿಟ್ಟು ಅದರ ಮುಂದೆ ನಿಂತೆ. ಶಾರದಮ್ಮನೂ ಬಂದಳು, ಈ ಮನುಷ್ಯ ಮತ್ತೆ ಎಲ್ಲಿ ಕಳೆದುಹೋಗುತ್ತಾನೋ ಎಂದು.

ಒಳಗಿನಿಂದ ನೀಲಿ ಡಂಗರಿ ತೊಟ್ಟ ಒಬ್ಬ ಆಳು ಹೊರಬಂದ. ನನ್ನ ವಯಸ್ಸಿನವನೇ, ಕೈತುಂಬ ಗ್ರೀಸು. ಹೆಸರು ರೇಟೋ. ನಾನು ಮೊಬೈಲು ತೆಗೆದು ನನ್ನ ಮೂರು ಕಾಲಿನ ಕ್ರೇನಿನ ಫೋಟೋ ತೋರಿಸಿದೆ. ಬಕೆಟ್ಟಿನಲ್ಲಿ ಕಾಟಯ್ಯ ಕೂತಿರುವ ಫೋಟೋ. ರೇಟೋನ ಕಣ್ಣು ಅಗಲವಾಯಿತು. 'ಮನುಷ್ಯನನ್ನು ಇಳಿಸುತ್ತೀಯಾ? ಹಾಗಾದರೆ ನಾವಿಬ್ಬರೂ ಒಂದೇ ಕೆಲಸದವರು, ಬಾ' ಎಂದು ಭುಜದ ಮೇಲೆ ಕೈಹಾಕಿ ಒಳಗೆ ಕರೆದೊಯ್ದ. ಅವನದೂ ಮುರುಕು ಇಂಗ್ಲಿಷು, ನನ್ನದೂ ಮುರುಕು. ಆದ್ದರಿಂದ ಚೆನ್ನಾಗಿ ಅರ್ಥವಾಯಿತು. ಅವನ ಮಾತನ್ನು ನಮ್ಮ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲು ಗಾಳಿಯ ವಿಷಯವೇ ಕೇಳಿದೆ. ಆ ಮೂರನೆಯದು ಕೆಟ್ಟಿರಬಹುದಲ್ಲ?

'ಕೆಟ್ಟಿರಬಹುದು. ಬಹುಶಃ ಕೆಟ್ಟೇ ಇದೆ' ಎಂದ ರೇಟೋ. 'ಆದರೆ ಅದು ನಿಂತಿರುವ ಮೂಲೆಯಲ್ಲಿ ಮಾತ್ರ ಗಾಳಿ ಬೀಸುತ್ತಿದ್ದರೆ? ನಮ್ಮವನೊಬ್ಬ ಮೇಲಕ್ಕೆ ನಡೆದು ಹೋಗಿದ್ದಾನೆ. ಅವನು ನೋಡಿ ಹೇಳುವವರೆಗೆ ಮೂರನೆಯದೇ ನಿಜ.'

ಕಾಟಯ್ಯ ಕುರಿ ಮೇಯಿಸುವಾಗ ಹೇಳಿದ್ದ ಮಾತು ನನಗೆ ಥಟ್ಟನೆ ನೆನಪಾಯಿತು. ಹತ್ತು ಕುರಿ ಹಳ್ಳಕ್ಕಿಳಿದು ಒಂದು ನಿಂತರೆ, ಇಳಿದ ಹತ್ತನ್ನು ನೋಡಬಾರದು, ನಿಂತ ಒಂದನ್ನು ಹೋಗಿ ನೋಡಬೇಕು ಎಂದಿದ್ದ. ಆವತ್ತು ನಾನು ನಕ್ಕಿದ್ದೆ.

ಯಂತ್ರದ ಕೋಣೆ: ಜಂಪರಿನ ಒಳಬಟ್ಟೆ

ಆ ಕೋಣೆಯನ್ನು ನೋಡಿ ನಾನು ಮರುಳಾದೆ. ನೆಲದ ಮೇಲೆ ಊಟ ಬಡಿಸಬಹುದು, ಅಷ್ಟು ಸ್ವಚ್ಛ. ರೇಟೋ ಬ್ರೇಕು ತೋರಿಸಿದ. ದೊಡ್ಡ ದೊಡ್ಡ ಸ್ಪ್ರಿಂಗುಗಳು ಬ್ರೇಕನ್ನು ಸದಾ ಒತ್ತಿ ಹಿಡಿದಿರುತ್ತವೆ. ಕರೆಂಟು ಇದ್ದರೆ ಮಾತ್ರ ಬ್ರೇಕು ಬಿಡುತ್ತದೆ. ಕರೆಂಟು ಹೋಯಿತೋ, ತಂತಿ ಕಡಿಯಿತೋ, ಎಲ್ಲೋ ಏನೋ ಅರ್ಥವಾಗದ್ದು ಆಯಿತೋ, ತಾನಾಗಿ ಹಿಡಿದು ನಿಲ್ಲುತ್ತದೆ. ನಮ್ಮಲ್ಲಿ ತದ್ವಿರುದ್ಧ. ನಮ್ಮ ಆಪರೇಟರು ಮಾಬುಸಾಬ್ ಕಾಲಲ್ಲಿ ಒತ್ತಿದರೆ ಬ್ರೇಕು, ಒತ್ತದಿದ್ದರೆ ದೇವರು. ಮಾಬುಸಾಬ್‌ನ ಕಾಲು ಈವರೆಗೆ ತಪ್ಪಿಲ್ಲ. ಹಾಗೆಂದು ಹೇಳಿದೆ.

'ಅವನಿಗೆ ಒಂದು ದಿನ ಕಾಲು ಜೋಮು ಹಿಡಿದರೆ?' ಎಂದ ರೇಟೋ. ಅವನು ನಕ್ಕು ಹೇಳಿದ: 'ಕೆಟ್ಟದ್ದು ಹೀಗೇ ಬರುತ್ತದೆ ಎಂದು ನನಗೆ ಗೊತ್ತಿದ್ದರೆ ಅದನ್ನು ತಡೆಯುವುದು ಸುಲಭ. ಹೇಗೆ ಬರುತ್ತದೋ ಗೊತ್ತಿಲ್ಲ. ಅದಕ್ಕೇ, ಏನೂ ಗೊತ್ತಾಗದಾಗ ನಿಂತುಬಿಡು ಎಂದು ಯಂತ್ರಕ್ಕೆ ಹುಟ್ಟುವಾಗಲೇ ಕಲಿಸಿಟ್ಟಿದ್ದೇವೆ.'

ಹಗ್ಗ ನೋಡಿದೆ. ನನ್ನ ತೋಳಿಗಿಂತ ಕಡಿಮೆ ಏನಿಲ್ಲ. ತೂಗುವ ಡಬ್ಬಿಗೆ ಇಷ್ಟು ದಪ್ಪ ಬೇಕೇ ಎಂದೆ. ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯದನ್ನು ಹಾಕಿದ್ದೇವೆ, ಆ ಹೆಚ್ಚಿನದು ಭಾರಕ್ಕಲ್ಲ, ನಮಗೆ ತಿಳಿಯದ್ದಕ್ಕೆ ಬಿಟ್ಟ ಜಾಗ ಎಂದ. ನಾನು ತಲೆ ಕೆರೆದುಕೊಂಡೆ. ಶಾರದಮ್ಮನಿಗೆ ನಾನು ಕನ್ನಡದಲ್ಲಿ ಹೇಳಿದ್ದೇ ತಡ, 'ಇದ್ರಾಗೇನೈತ್ರಿ? ಜಂಪರ್ ಹೊಲಿಯೋವಾಗ ಒಳಗೆ ಬಟ್ಟೆ ಬಿಡಲ್ವಾ, ಮುಂದೆ ದಪ್ಪ ಆಗ್ತೀವೋ ಏನೋ ಅಂತ, ಹಂಗೆ' ಎಂದಳು. ರೇಟೋಗೆ ಆ ರವಿಕೆಯ ಮಾತನ್ನು ಕೈಸನ್ನೆಯಲ್ಲಿ ವಿವರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ತಮ್ಮ ಎಂಜಿನಿಯರಿಗೆ ಇದನ್ನು ಹೇಳುತ್ತೇನೆ ಎಂದ.

ನನಗೂ ಸ್ವಲ್ಪ ಹುರುಪು ಬಂತು. ನಾವೂ ಏನು ಕಡಿಮೆಯಲ್ಲ ಎಂದೆ. ಮನುಷ್ಯ ಇಳಿಯುವ ಮುಂಚೆ ಬಕೆಟ್ಟಿಗೆ ಇಬ್ಬರ ತೂಕದ ಕಲ್ಲು ತುಂಬಿ ಮೂರು ಸಲ ಇಳಿಸಿ ಹತ್ತಿಸುತ್ತೇವೆ, ತೆಂಗಿನಕಾಯಿ ಒಡೆಯುತ್ತೇವೆ, ನಮ್ಮಪ್ಪನ ಕಾಲದಿಂದ ಬಂದದ್ದು ಎಂದೆ.

'ಒಳ್ಳೆಯದು. ಕಲ್ಲು ಇಳಿದಾಗ ಹಗ್ಗ ತಡೆದಿತ್ತು ಎಂದು ಅದರಿಂದ ಗೊತ್ತಾಗುತ್ತದೆ' ಎಂದ ರೇಟೋ. 'ನಾಲ್ಕನೇ ಸಲದ್ದು ಗೊತ್ತಾಗುವುದಿಲ್ಲ.'

ಅವನು ಒಂದು ದಪ್ಪ ಪುಸ್ತಕ ತೆರೆದ. ಆ ಹಗ್ಗ ತಯಾರಾದ ದಿನದಿಂದ ಇವತ್ತಿನವರೆಗಿನ ಎಲ್ಲವೂ ಅದರಲ್ಲಿತ್ತು. ಯಾವ ದಿನ ಸಿಡಿಲು ಬಡಿಯಿತು, ಯಾವ ಜಾಗದಲ್ಲಿ ಎಳೆ ಸವೆಯಿತು, ಎಲ್ಲ. ಪುಟಕ್ಕೆ ಮೂರು ಕಾಲಮ್ಮು. ಒಂದು ಸರಿ, ಒಂದು ಸರಿಯಿಲ್ಲ. ಮೂರನೆಯದೇನು ಎಂದು ಕೇಳಿದೆ.

'ಗೊತ್ತಿಲ್ಲ.'

ನಿನಗೇ ಗೊತ್ತಿಲ್ಲವೇ ಎಂದೆ. ಅಲ್ಲ, ಅದೇ ಆ ಕಾಲಮ್ಮಿನ ಹೆಸರು ಎಂದ. 'ಅದರಲ್ಲಿ ಒಂದು ಗೀಟು ಬಿದ್ದರೂ ಸರಿಯಿಲ್ಲ ಎಂದೇ ಲೆಕ್ಕ. ಡಬ್ಬಿ ಅಲುಗುವುದಿಲ್ಲ.'

ನಾನು ಮನಸ್ಸಿನಲ್ಲೇ ಜ್ಯೂರಿಕ್ಕಿನ ಆ ಮುದುಕನಿಗೆ ಕೈಮುಗಿದೆ.

ಹಿತ್ತಿಲು: ಹಗ್ಗದ ತುಂಡುಗಳು

ಕೋಣೆಯ ಹಿಂದಿನ ಅಂಗಳದಲ್ಲಿ ಒಂದು ರಾಶಿ ಬಿದ್ದಿತ್ತು. ಹತ್ತಿರ ಹೋಗಿ ನೋಡಿದರೆ ಉಕ್ಕಿನ ಹಗ್ಗ. ಥಳಥಳ ಹೊಳೆಯುತ್ತಿದೆ, ತುಕ್ಕಿನ ಚುಕ್ಕೆಯಿಲ್ಲ, ಎಲ್ಲವನ್ನೂ ಮೊಳಮೊಳ ಕತ್ತರಿಸಿ ಹಾಕಿದ್ದಾರೆ. ನನ್ನ ಹೊಟ್ಟೆ ಉರಿಯಿತು. ಅಯ್ಯೋ, ಇಂಥ ಬಂಗಾರದಂಥ ಹಗ್ಗ! ನಮ್ಮ ತಾಲ್ಲೂಕಿನ ಅಷ್ಟೂ ಬಾವಿಗೆ ಇಳಿಸಬಹುದಿತ್ತು!

'ಇದೇನು ಕೆಟ್ಟಿತ್ತಾ?'

'ಗೊತ್ತಿಲ್ಲ' ಎಂದ ರೇಟೋ. 'ಒಂದು ಕಡೆ ಹೊರಗೆ ಒಂದು ಎಳೆ ಮುರಿದದ್ದು ಕಂಡಿತು. ಒಳಗೆ ನೋಡಲು ನಮ್ಮಲ್ಲಿ ಅಯಸ್ಕಾಂತದ ಪೆಟ್ಟಿಗೆಯಿದೆ, ಹಗ್ಗವನ್ನು ಅದರೊಳಗೆ ನಿಧಾನ ಹರಿಸುತ್ತೇವೆ. ಪೆಟ್ಟಿಗೆ ಒಂದು ಸಲ ಒಳಗೂ ಮುರಿದಿದೆ ಎಂದಿತು, ಒಂದು ಸಲ ಇಲ್ಲವೆಂದಿತು. ತೆಗೆದುಬಿಟ್ಟೆವು.'

'ತೆಗೆದಿರಿ, ಸರಿ. ಕತ್ತರಿಸಿದ್ದು ಯಾಕೆ?'

'ಹಾಗೇ ಬಿಟ್ಟರೆ ಯಾರಾದರೂ ತೆಗೆದುಕೊಂಡು ಹೋಗುತ್ತಾರೆ. ನೋಡಲು ಹೊಸದರ ಹಾಗಿದೆಯಲ್ಲ. ಎಲ್ಲೋ ಒಂದು ಕಡೆ ಅದರ ಹಿಂದಿನದು ಗೊತ್ತಿಲ್ಲದವನು ಅದಕ್ಕೆ ಮನುಷ್ಯನನ್ನು ಕಟ್ಟುತ್ತಾನೆ.'

ನಾನು ಆ ಹಗ್ಗದ ತುಂಡನ್ನು ಹಿಡಿದುಕೊಂಡು ನಿಂತೇ ಇದ್ದೆ. ಎತ್ತು ಕೊಳ್ಳಬೇಕಾದರೆ ಸುಳಿ ನೋಡುತ್ತೇವೆ, ಹಲ್ಲು ಎಣಿಸುತ್ತೇವೆ, ಯಾರ ಕೊಟ್ಟಿಗೆಯದು, ಹಾಯುತ್ತದೋ ಒದೆಯುತ್ತದೋ ಎಂದು ಮೂರು ಊರು ಸುತ್ತಿ ವಿಚಾರಿಸುತ್ತೇವೆ. ಬಳ್ಳಾರಿಯ ಗುಜರಿಯಲ್ಲಿ ನನ್ನ ಹಗ್ಗವನ್ನು ಎತ್ತಿಕೊಂಡಾಗ ನಾನು ಕೇಳಿದ್ದು ಒಂದೇ, ಉದ್ದ ಎಷ್ಟು ಎಂದು.

ಕೊನೆಗೆ ಕೇಳಿದೆ. 'ರೇಟೋ, ಹೊರಗೆ ಮುರಿದ ಆ ಒಂದು ಎಳೆಯನ್ನು ಕತ್ತರಿಸಿ, ಮೇಲೆ ಗ್ರೀಸು ಹಚ್ಚಿಬಿಟ್ಟರೆ?'

ಅವನು ನಗಲಿಲ್ಲ. ನನ್ನ ಮುಖವನ್ನೇ ನೋಡಿದ. 'ಹಗ್ಗ ತನಗೆ ನೋವಿದೆ ಎಂದು ಹೇಳಲು ಇದ್ದದ್ದು ಅದೊಂದೇ ಬಾಯಿ' ಎಂದ. ಆಮೇಲೆ ಮೆತ್ತಗೆ ಕೇಳಿದ, 'ಇವತ್ತು ಆ ಫೋಟೋದ ಮನುಷ್ಯ ಎಲ್ಲಿದ್ದಾನೆ?'

ಸೋಮವಾರ! ಗಡಿಯಾರ ನೋಡಿದೆ. ಇಲ್ಲಿ ಬೆಳಿಗ್ಗೆ ಹತ್ತೂಕಾಲು. ದೇವಸಮುದ್ರದಲ್ಲಿ ಮಧ್ಯಾಹ್ನ ಒಂದೂ ಮುಕ್ಕಾಲು. ಬೆಳಿಗ್ಗೆ ಬಾವಿಯ ಮೇಲೆ ಕ್ರೇನು ಹೂಡಿ, ಪಂಪಿನಲ್ಲಿ ನೀರು ಖಾಲಿ ಮಾಡಿ, ಊಟ ಮಾಡಿ, ಆಮೇಲೆ ಇಳಿಯುವುದು ನಮ್ಮ ವಾಡಿಕೆ. ಊಟ ಮುಗಿಯುವ ಹೊತ್ತು.

ದೇವಸಮುದ್ರಕ್ಕೆ ಫೋನು

ಕಾಟಯ್ಯನಿಗೆ ಮಾಡಿದೆ. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಮಾಬುಸಾಬ್‌ಗೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ರಿಂಗಾಯಿತು. ಮೋಟರು ಓಡುತ್ತಿದ್ದರೆ ಅವನಿಗೆ ಕೇಳಿಸುವುದಿಲ್ಲ. ಮೋಟರು ಓಡುತ್ತಿದೆ ಎಂದರೆ ಏನರ್ಥ?

'ಏನಾಯ್ತ್ರಿ? ಬಣ್ಣ ಯಾಕೆ ಹಿಂಗಾತು?' ಎಂದಳು ಶಾರದಮ್ಮ. ಹೇಳಿದೆ. ಪ್ಲೇಯರು, ಗ್ರೀಸು, ಎಲ್ಲ. ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. 'ಹಾರ್ನ್ ಹೊಡೀತಿದ್ದಾಗ ನಾನೂ ಕೂಗಿದ್ನಲ್ಲ' ಎಂದಷ್ಟೇ ಹೇಳಿ ತನ್ನ ಫೋನು ತೆಗೆದಳು. ಕಾಟಯ್ಯನ ಮನೆಯವಳಿಗೆ ಮಾಡಿದಳು. ಅವಳು ಕುರಿ ಹೊಡೆದುಕೊಂಡು ಹೋಗಿದ್ದಳು, ಬಾವಿ ಕಡೆ ಗೊತ್ತಿಲ್ಲವ್ವಾ ಎಂದಳು. ರೇಟೋ ನನಗೊಂದು ಸ್ಟೂಲು ತಂದು ಹಾಕಿದ. ನಾನು ಕೂರಲಿಲ್ಲ. ಹೆತ್ತ ಅವ್ವನನ್ನು ನೆನೆದೆ, ಮನೆದೇವರಿಗೆ ಏನೇನೋ ಹರಕೆ ಹೊತ್ತೆ. ಇಪ್ಪತ್ತು ವರ್ಷ ಕಾಟಯ್ಯ ನನ್ನ ಹಗ್ಗ ನಂಬಿ ಕೂತಿದ್ದಾನೆ. ಹೋಗುವಾಗ ನಾನು ಅವನ ಮುಖ ಕೂಡ ಸರಿಯಾಗಿ ನೋಡಿರಲಿಲ್ಲ.

ಐದನೆಯದೋ ಆರನೆಯದೋ ಸಲಕ್ಕೆ ಮಾಬುಸಾಬ್ ಎತ್ತಿದ.

'ಕಾಟಯ್ಯ ಎಲ್ಲೋ?' ಎಂದು ಚೀರಿದೆ.

'ಇಲ್ಲೇ ಅದಾನಲ್ರೀ, ಬೇವಿನ ಮರದ ಕೆಳಗೆ ಮಲಗ್ಯಾನೆ. ಕೊಡ್ಲಾ?'

ನಾನು ಆಗ ಸ್ಟೂಲಿನ ಮೇಲೆ ಕೂತೆ.

'ಸಾವ್ಕಾರ್ರೆ, ಬೆಟ್ಟ ನೋಡಿದ್ರಾ?' ಎಂದ ಕಾಟಯ್ಯ.

'ಲೇ, ಬೆಟ್ಟ ಬಿಡು. ಇಳಿದೇನೋ?'

'ಇಲ್ರೀ.'

'ಯಾಕೋ?'

'ಬೈಬ್ಯಾಡ್ರಿ. ಮೊದ್ಲು ಉಣ್ಣೆ ಹಿಡೀತಿತ್ತು, ಎಲ್ಲಿ ಕೆಟ್ಟೈತೆ ಅಂತ ಆದ್ರೂ ಗೊತ್ತಾಗ್ತಿತ್ತು. ನೀವು ಕತ್ತರ್ಸಿದ ಮ್ಯಾಲೆ ಎಲ್ಲೂ ಹಿಡೀವಲ್ದು. ಈಗ ಏನೈತೋ ಏಮೋ. ಅದಕ್ಕೇ ಇಳೀಲಿಲ್ಲ. ಮೋಟ್ರು ಕೆಟ್ಟೈತೆ ಅಂತ ಊರೋರಿಗೆ ಹೇಳೀನಿ. ನಿಮ್ಮ ಹಗ್ಗ ಅಂದ್ರೆ ನಿಮ್ಗೆ ಕೆಟ್ಟ ಹೆಸ್ರಲ್ವಾ.'

ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಪರದೇಶದವನ ಮುಂದೆ ಗಳಗಳ ಅತ್ತೆ. ರೇಟೋ ಇಲ್ಲಿ ದಪ್ಪ ಪುಸ್ತಕ ಇಟ್ಟುಕೊಂಡು ಮಾಡುವ ಕೆಲಸವನ್ನು ಸಾವಿರಾರು ಮೈಲಿ ದೂರದಲ್ಲಿ ಕಾಟಯ್ಯ ಒಂದು ಹಿಡಿ ಉಣ್ಣೆಯಲ್ಲಿ ಮಾಡುತ್ತಿದ್ದ. ಅವನ ಆ 'ಏಮೋ'ಗೆ ನಾನು ಇಪ್ಪತ್ತು ವರ್ಷ ರೇಗಿದ್ದೆ.

ಅಷ್ಟರಲ್ಲಿ ಫೋನು ಊರ ಹಿರಿಯರಾದ ತಿಪ್ಪೇಸ್ವಾಮಣ್ಣನ ಕೈಗೆ ಹೋಗಿತ್ತು. 'ಏನ್ರೀ ಬಸವರಾಜಪ್ಪ, ನೀವು ಅತ್ಲಾಗೆ ಹೋದ್ರಿ, ಇತ್ಲಾಗೆ ಮೋಟ್ರು ಕೆಟ್ಟು ಕೂತೈತಂತೆ?'

ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. 'ಮೋಟ್ರು ಸರಿ ಐತೆ ತಿಪ್ಪೇಸ್ವಾಮಣ್ಣ' ಎಂದೆ. 'ಹಗ್ಗ ಸರಿ ಐತೋ ಇಲ್ವೋ ನಂಗೆ ಗೊತ್ತಿಲ್ಲ. ತಪ್ಪು ನಂದು. ನಾನು ಬಂದು ಬೇರೆ ಹಗ್ಗ ಹಾಕೋವರ್ಗೂ ಯಾರೂ ಇಳೀಬ್ಯಾಡ್ರಿ.'

ನನ್ನ ಐವತ್ತೆಂಟು ವರ್ಷದ ಬದುಕಿನಲ್ಲಿ ಕಸುಬಿನ ವಿಷಯಕ್ಕೆ ಗೊತ್ತಿಲ್ಲ ಎಂದದ್ದು ಅದೇ ಮೊದಲು.

ಬೆಟ್ಟದ ಮೇಲಕ್ಕೆ ಹೋದವನು ಇಳಿದು ಬಂದ. ಮೂರನೇ ಉಪಕರಣದೊಳಗೆ ಒಂದು ಹುಳು ಗೂಡು ಕಟ್ಟಿ ಅದರ ಲೆಕ್ಕ ಕೆಡಿಸಿತ್ತಂತೆ, ಗಾಳಿಯೇ ಇರಲಿಲ್ಲ. ಗಿರಣಿಯವರು 'ನೋಡಿದ್ರಾ, ನಾವು ಹೇಳ್ಲಿಲ್ವಾ' ಎಂದು ಕೈ ಬಡಿದುಕೊಂಡು ಡಬ್ಬಿ ಹತ್ತಿದರು. ನಾನು ರೇಟೋನ ಮುಖ ನೋಡಿದೆ. ಇಷ್ಟು ಜನರ ಬೆಳಿಗ್ಗೆ ಒಂದು ಹುಳುವಿಗಾಗಿ ಹಾಳಾಯಿತಲ್ಲ ಎಂಬ ಬೇಸರ ಅವನಲ್ಲಿ ಲವಲೇಶವೂ ಇರಲಿಲ್ಲ. ಪುಸ್ತಕದಲ್ಲಿ ಗಾಳಿಯ ಪುಟ ತೆರೆದು, ಮೂರನೇ ಕಾಲಮ್ಮಿನ ಗೀಟಿನ ಎದುರಿಗೆ ಹುಳು ಎಂದು ಬರೆದು, ಸರಿ ಎಂದು ಗುರುತು ಹಾಕಿದ. ನನಗೊಂದು ಹಗ್ಗದ ತುಂಡು ಕೊಟ್ಟ. ನಾನು ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನೇ ಕೊಟ್ಟುಬಿಟ್ಟೆ. ಶಾರದಮ್ಮ 'ಮೂಗು ಹಾಕ್ಬ್ಯಾಡಪ್ಪ' ಎಂದು ಕನ್ನಡದಲ್ಲೇ ಎಚ್ಚರಿಸಿದಳು.

ದೇವಸಮುದ್ರ: ಬಾವಿಯ ದಡ

ಊರಿಗೆ ಬಂದ ಮೂರನೇ ದಿನ ಬಾವಿಯ ಬಳಿ ನಿಂತಿದ್ದೆ. ಗುಜರಿಯ ಹಗ್ಗವನ್ನು ಡ್ರಮ್ಮಿನಿಂದ ಬಿಚ್ಚಿಸಿ, ಗ್ಯಾಸ್ ಕಟ್ಟರಿನಲ್ಲಿ ಎಲ್ಲರೆದುರಿಗೆ ಮೊಳಮೊಳ ಕತ್ತರಿಸಿದೆ. ಊರಿನವರು ಸುತ್ತ ಸೇರಿದ್ದರು. ನಾನು ಪ್ಲೇಯರು ಹಾಕಿದ್ದ ಜಾಗದ ತುಂಡನ್ನು ತಿಪ್ಪೇಸ್ವಾಮಣ್ಣನೇ ಎತ್ತಿಕೊಂಡು ಎಳೆ ಎಳೆ ಬಿಚ್ಚಿದರು. ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಂದೂ ಮುರಿದಿರಲಿಲ್ಲ.

'ಏನ್ರೀ ಇದು! ಗಟ್ಟಿ ಹಗ್ಗ ಹಾಳ್ಮಾಡಿದ್ರಲ್ರೀ. ಫಾರಿನ್ನಿಗೆ ಹೋಗಿ ತಲೆ ಕೆಡಿಸ್ಕೊಂಡು ಬಂದ್ರಿ' ಎಂದರು. ಜನ ನಕ್ಕರು. ನನಗೂ ಒಂದು ಕ್ಷಣ ಗುಜರಿಯಲ್ಲಿ ಕೊಟ್ಟ ದುಡ್ಡು ನೆನಪಾಯಿತು, ಸುಳ್ಳು ಯಾಕೆ ಹೇಳಲಿ.

ಕಾಟಯ್ಯ ಬೀಡಿ ನೆಲಕ್ಕೆ ಹೊಸಕಿ ಎದ್ದ. 'ಗಟ್ಟಿ ಇತ್ತು ಅಂತ ಈಗ ಗೊತ್ತಾಯ್ತು ತಿಪ್ಪೇಸ್ವಾಮಣ್ಣ. ಆವತ್ತು ಸೋಮಾರ ನಾನು ಬಕೆಟ್ನಾಗೆ ಕೂರ್ಬೇಕಿದ್ದಾಗ ಯಾರಿಗೆ ಗೊತ್ತಿತ್ತು?' ಎಂದ. ನಗು ನಿಂತಿತು.

ಹೊಸ ಹಗ್ಗಕ್ಕೆ ತಗಡಿನ ಚೀಟಿ ಕಟ್ಟಿತ್ತು, ಯಾವ ದಿನ ತಯಾರಾದದ್ದು, ಎಷ್ಟು ಹೊರುತ್ತದೆ ಎಂದು. ಶಾರದಮ್ಮ ಅದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು, ಮೂರು ಕಾಲಮ್ಮು ಗೀಚಿದ್ದಳು. ಮಾಬುಸಾಬ್‌ನ ಬ್ರೇಕಿಗೆ ಸ್ಪ್ರಿಂಗು ಹಾಕಿಸಿದ್ದೆ. ಈಗ ಒತ್ತಿದರೆ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ. 'ಯೇ ಉಲ್ಟಾ ಹೈ ಸಾಬ್' ಎಂದು ಒಂದು ದಿನ ಪೂರ್ತಿ ಗೊಣಗಿದ, ಆಮೇಲೆ ಅಭ್ಯಾಸವಾಯಿತು.

ಕಲ್ಲು ಮೂರು ಸಲ ಇಳಿಯಿತು, ಹತ್ತಿತು. ಕಾಯಿ ಒಡೆದರು. ಕಾಟಯ್ಯ ಸೊಂಟದಿಂದ ಒಂದು ಹಿಡಿ ಉಣ್ಣೆ ತೆಗೆದ. ಎಳೆಯಲು ಹೋಗಿ ನಿಂತು ಅದನ್ನು ನನ್ನ ಕೈಗಿಟ್ಟ.

'ನೀವೇ ಎಳೀರಿ.'

ನಾನು ಎಳೆದೆ. ಮೊದಲಿಂದ ಕೊನೆಯವರೆಗೆ, ಒಂದು ಗೇಣೂ ಬಿಡದೆ. ಎಲ್ಲೂ ಹಿಡಿಯಲಿಲ್ಲ. ಕಾಟಯ್ಯ ಬಕೆಟ್ಟಿನಲ್ಲಿ ಕೂತ. ಮಾಬುಸಾಬ್ ನನ್ನ ಕಡೆ ನೋಡಿದ.

'ಇಳೀಲಾ ಸಾವ್ಕಾರ್ರೆ?' ಎಂದ ಕಾಟಯ್ಯ.

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಗೆ ನಾನು ಕತ್ತು ತಿರುಗಿಸದೆ, ಕೆಲವೊಮ್ಮೆ ಫೋನಿನಲ್ಲಿ ಮಾತಾಡುತ್ತಲೇ, ಬಿಡು ಬಿಡು ಎಂದು ಕೈಬೀಸಿದ್ದೇನೆ. ಇವತ್ತು 'ತಾಳು, ಒಂದ್ನಿಮ್ಷ' ಎಂದು ಹಗ್ಗವನ್ನು ರಾಟೆಯಿಂದ ಬಕೆಟ್ಟಿನವರೆಗೆ ಮತ್ತೊಮ್ಮೆ ಉಣ್ಣೆಯಲ್ಲಿ ಎಳೆದೆ.

'ಏನ್ ಹೇಳ್ತೈತೆ?' ಎಂದು ಅವನು ನಕ್ಕ.

'ನಂಗೆ ಗೊತ್ತಿರೋ ಮಟ್ಟಿಗೆ ಸರಿ ಐತೆ ಕಾಟಯ್ಯ' ಎಂದೆ. 'ನಿಂಗೆ ಒಪ್ಪಿಗೆ ಇದ್ರೆ ಇಳಿ.'

ಅವನು ಒಂದು ಕ್ಷಣ ಹಗ್ಗ ನೋಡಿದ, ನನ್ನನ್ನು ನೋಡಿದ, ತಲೆಯಾಡಿಸಿದ. ಬಕೆಟ್ಟು ದಡ ದಾಟಿ ಮೆಲ್ಲಗೆ ಕತ್ತಲಿಗೆ ಇಳಿಯಿತು. ನಾನು ದಡದಲ್ಲಿ ಬಗ್ಗಿ ನಿಂತೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ 'ತಳ ಮುಟ್ಟೀನ್ರೀ' ಎಂಬ ಕೂಗು ಬಂತು. ಆಗ ಮುಷ್ಟಿ ಬಿಚ್ಚಿ ನೋಡಿದೆ. ಉಣ್ಣೆ ಅಲ್ಲೇ ಇತ್ತು, ಬೆವರಿಗೆ ಪೂರ್ತಿ ಒದ್ದೆಯಾಗಿತ್ತು.